ಸೂಜಿ-ದಾರ ಮುಟ್ಟದೆ ಕೂಸಿಗೆ ಹ್ಯಾಲೋವೀನ್ ವೇಷ: ಯಾವ ದಾರಿ ನಿಮಗೆ ಸರಿ?

ಅಕ್ಟೋಬರ್ 31ರ ಹ್ಯಾಲೋವೀನ್ ಸಂಜೆ ಅಮೆರಿಕದಲ್ಲಿ ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಸಿಹಿ ಕೇಳಲು ಹೋಗುತ್ತಾರೆ. ಅಲ್ಲಿ ಅಕ್ಟೋಬರ್ ಬಂತೆಂದರೆ ಕೂಸಿರುವ ಮನೆಯಲ್ಲಿ "ಈ ಸಲ ಏನು ವೇಷ?" ಅನ್ನುವ ಮಾತು ಶುರುವಾಗುತ್ತದೆ. ಅಂಗಡಿಯ ಸಿದ್ಧ ವೇಷಕ್ಕೆ ಇಪ್ಪತ್ತೈದು-ಮೂವತ್ತು ಡಾಲರ್ ಆಗುವುದುಂಟು. ಮಗು ಅದನ್ನು ಹಾಕಿಕೊಳ್ಳುವುದು ಒಂದೇ ಸಂಜೆ, ಮುಂದಿನ ವರ್ಷಕ್ಕೆ ಅದು ಮೈಗೆ ಹಿಡಿಸುವುದಿಲ್ಲ. ಹೊಲಿಗೆ ಯಂತ್ರ ಇಲ್ಲದವರು, ಗುಂಡಿ ಹೊಲಿಯಲೂ ಬಾರದವರು ಕೂಡ ಮನೆಯಲ್ಲೇ ಮಾಡಬಹುದಾದ ದಾರಿಗಳು ನಾಲ್ಕಿವೆ. ಆದರೆ ನಾಲ್ಕೂ ಎಲ್ಲ ಮಕ್ಕಳಿಗೂ ಒಗ್ಗುವುದಿಲ್ಲ. ಕುಂಬಳಕಾಯಿಯೋ ಜೇನುನೊಣವೋ ಅನ್ನುವುದನ್ನು ಆಮೇಲೆ ನೋಡಿಕೊಳ್ಳಿ. ಮೊದಲು ಯೋಚಿಸಬೇಕಾದ್ದು 31ನೇ ತಾರೀಖು ಸಂಜೆ ಮಗು ಎಲ್ಲಿರುತ್ತದೆ ಅಂತ: ಎದೆಗೆ ಕಟ್ಟಿಕೊಂಡ ಕ್ಯಾರಿಯರ್‌ನಲ್ಲೋ, ತಳ್ಳುಗಾಡಿಯಾದ ಸ್ಟ್ರಾಲರ್‌ನಲ್ಲೋ, ನೆಲದ ಮೇಲೋ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಇಂಟರ್ನೆಟ್ಟಿನಲ್ಲಿ ಸಿಗುವ ಚಿತ್ರಗಳಲ್ಲಿ ಮಗುವಿನ ಬೆನ್ನಿಗೆ ರೆಕ್ಕೆ, ಬಾಲ, ಚಿಪ್ಪು ಎಲ್ಲ ಇರುತ್ತದೆ. ಆದರೆ ಇನ್ನೂ ಅಂಬೆಗಾಲಿಕ್ಕದ ಮಗು ಬಹುಪಾಲು ಹೊತ್ತು ಬೆನ್ನು ಕೊಟ್ಟು ಒರಗಿಕೊಂಡೇ ಇರುತ್ತದೆ. ಕಾರ್ ಸೀಟ್, ಸ್ಟ್ರಾಲರ್, ಅಮ್ಮನ ತೊಡೆ, ಎಲ್ಲ ಕಡೆಯೂ ಹಾಗೆಯೇ. ಬೆನ್ನಿಗೆ ಅಂಟಿಸಿದ್ದು ಒಂದೋ ಮಗುವಿಗೆ ಒತ್ತುತ್ತದೆ, ಇಲ್ಲವೇ ಯಾರಿಗೂ ಕಾಣಿಸುವುದೇ ಇಲ್ಲ. ಜನ ನೋಡುವುದು ಮಗುವಿನ ಎದೆ ಮತ್ತು ತಲೆಯನ್ನು. ನಿಮ್ಮ ಕೈಚಳಕ ಅಲ್ಲಿ ತೋರಿಸಿ.

ಒಂದು: ಬಾಡಿಸೂಟಿನ ಮೇಲೆ ಫೆಲ್ಟ್

ನನ್ನ ಮಟ್ಟಿಗೆ ಗೆಲ್ಲುವುದು ಇದೇ. ಒಂದೇ ಬಣ್ಣದ, ತೋಳಿರುವ ಬಾಡಿಸೂಟ್ (ಕಾಲ ನಡುವೆ ಟಿಚ್ ಬಟನ್ ಹಾಕುವ ಕೂಸಿನ ಅಂಗಿ) ತೆಗೆದುಕೊಂಡು ಅದರ ಎದೆಯ ಮೇಲೆ ಫೆಲ್ಟಿನ ಆಕಾರಗಳನ್ನು ಅಂಟಿಸುವುದು. ಕಿತ್ತಳೆ ಬಣ್ಣದ ಮೇಲೆ ಕಪ್ಪು ಕಣ್ಣು-ಬಾಯಿ ಇಟ್ಟರೆ ಕುಂಬಳಕಾಯಿ, ಹಳದಿಯ ಮೇಲೆ ಕಪ್ಪು ಪಟ್ಟಿ ಇಟ್ಟರೆ ಜೇನುನೊಣ, ಕೆಂಪಿನ ಮೇಲೆ ಸಣ್ಣ ಕಪ್ಪು ಬೀಜಗಳಿಟ್ಟು ಹಸಿರು ಪ್ಯಾಂಟ್ ಹಾಕಿದರೆ ಕಲ್ಲಂಗಡಿ. ಇದರ ದೊಡ್ಡ ಅನುಕೂಲವೆಂದರೆ ಮಗುವಿಗೆ ವೇಷ ಹಾಕಿದ್ದಾರೆ ಅನ್ನುವುದೇ ಗೊತ್ತಾಗುವುದಿಲ್ಲ. ದಿನಾ ಹಾಕುವ ಬಟ್ಟೆ, ದಿನಾ ಹಾಕುವ ಟಿಚ್ ಬಟನ್ನು. ಡೈಪರ್ ಬದಲಿಸುವುದಕ್ಕೂ ತೊಂದರೆಯಿಲ್ಲ. ಕಾರ್ ಸೀಟಿನ ಬೆಲ್ಟಿನಡಿ ಉಬ್ಬುವುದಿಲ್ಲ. ದಪ್ಪ ಜಾಕೆಟ್ ಹಾಕಿ ಮಗುವನ್ನು ಕಾರ್ ಸೀಟಿಗೆ ಬಿಗಿಯಬೇಡಿ ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘ ಹೇಳುತ್ತದಲ್ಲ, ಹತ್ತಿ ತುಂಬಿದ ವೇಷಕ್ಕೂ ಅದೇ ಮಾತು. ಫೆಲ್ಟ್ ಅಂಟಿಸಿದ ಬಾಡಿಸೂಟಿಗೆ ಆ ಚಿಂತೆಯೇ ಇಲ್ಲ.

ಫೆಲ್ಟೇ ಯಾಕೆ? ಅದು ನೇಯ್ದ ಬಟ್ಟೆಯಲ್ಲ, ಎಳೆಗಳನ್ನು ಒತ್ತಿ ಮಾಡಿದ್ದು. ಕತ್ತರಿಸಿದರೆ ಅಂಚಿನಿಂದ ನೂಲು ಬಿಡುವುದಿಲ್ಲ, ಮಡಿಚಿ ಹೊಲಿಯಬೇಕಾಗಿಯೂ ಇಲ್ಲ. ಹಳೇ ಪಂಚೆ, ಸೀರೆಯ ತುಂಡು ಬಳಸೋಣ ಅಂತ ಊರಿಂದ ಬಂದ ಅಜ್ಜಿ ಹೇಳಬಹುದು. ಚೆನ್ನಾಗಿಯೇ ಕಾಣುತ್ತದೆ, ಆದರೆ ಹೊಲಿಗೆ ಇಲ್ಲದಿದ್ದರೆ ಅಂಚು ಬಿಚ್ಚಿಕೊಂಡು ನೂಲು ಮಗುವಿನ ಬೆರಳಿಗೆ ಸುತ್ತಿಕೊಳ್ಳುತ್ತದೆ. ಕರಕುಶಲ ಸಾಮಾನಿನ ಅಂಗಡಿಗಳಲ್ಲಿ 9 ಇಂಚು ಅಗಲ 12 ಇಂಚು ಉದ್ದದ ಫೆಲ್ಟ್ ಹಾಳೆ ಸಿಗುತ್ತದೆ. ಕೂಸಿನ ಎದೆಗೆ ಒಂದು ಬಣ್ಣದ ಒಂದು ಹಾಳೆ ಸಾಕು. ಬಟ್ಟೆ ಅಂದರೆ ಜನ ಮೊದಲು ಹೋಗುತ್ತಿದ್ದ ಜೋಆನ್ ಅಂಗಡಿಗಳು 2025ರಲ್ಲಿ ದಿವಾಳಿಯಾಗಿ ಮುಚ್ಚಿದವು. ಈಗ ಮೈಕಲ್ಸ್, ಹಾಬಿ ಲಾಬಿ, ವಾಲ್‌ಮಾರ್ಟ್‌ನಲ್ಲಿ ನೋಡಬೇಕು.

ಅಂಟಿಸುವಾಗ ಗಮನಿಸಬೇಕಾದ್ದು ಬಾಡಿಸೂಟಿನ ಸ್ವಭಾವ. ಅದು ಎಳೆದರೆ ಹಿಗ್ಗುತ್ತದೆ, ಫೆಲ್ಟ್ ಹಿಗ್ಗುವುದಿಲ್ಲ. ಮಗುವಿನ ತಲೆಯ ಮೇಲಿಂದ ಬಟ್ಟೆ ಇಳಿಸುವಾಗ ಕೆಳಗಿನದು ಹಿಗ್ಗಿ ಮೇಲಿನದು ಅಲ್ಲೇ ನಿಂತು ಅಂಚು ಕಿತ್ತು ಬರುತ್ತದೆ. ಅದಕ್ಕೇ ಹೊಟ್ಟೆಯಗಲದ ಒಂದು ದೊಡ್ಡ ತುಂಡಿಗಿಂತ ಅಂಗೈಯಗಲದ ಎರಡು ಮೂರು ತುಂಡು ಮೇಲು. ಕತ್ತಿನ ಪಟ್ಟಿಗೆ ಎರಡು ಬೆರಳು ಜಾಗ ಬಿಡಿ, ಬಗಲಿನ ಹತ್ತಿರ ಹೋಗಬೇಡಿ. ಮೂಲೆಗಳನ್ನು ಗುಂಡಗೆ ಕತ್ತರಿಸಿ. ಬಿಡಿಸಿಕೊಳ್ಳುವುದು ಯಾವಾಗಲೂ ಚೂಪು ಮೂಲೆಯಿಂದಲೇ, ಕುಂಬಳಕಾಯಿಯ ತ್ರಿಕೋನ ಕಣ್ಣಿಗೂ ತುದಿ ಸ್ವಲ್ಪ ಸವರಿದರೆ ನಷ್ಟವಿಲ್ಲ. ಇನ್ನೊಂದು: ಬಾಡಿಸೂಟನ್ನು ಮೇಜಿನ ಮೇಲೆ ಹರಡಿ ನಡುವೆ ಎಲ್ಲಿ ಅಂತ ಲೆಕ್ಕ ಹಾಕಿದರೆ ಚಿತ್ರ ಕೆಳಗೆ ಬೀಳುತ್ತದೆ. ಡೈಪರ್ ಹಾಕಿದ ಮಗುವಿನ ಮೈಮೇಲೆ ಬಟ್ಟೆಯ ಒಂದಷ್ಟು ಭಾಗ ಅಡಿಗೆ ಹೋಗಿಬಿಡುತ್ತದೆ. ಮಗುವಿಗೆ ಹಾಕಿ ನೋಡಿ, ಸೀಮೆಸುಣ್ಣದಲ್ಲಿ ಗುರುತು ಮಾಡಿ, ಬಿಚ್ಚಿ, ಆಮೇಲೆ ಅಂಟಿಸಿ.

ಎರಡು: ಟೋಪಿ ಇರುವ ಝಿಪ್ ಸೂಟು ಅಥವಾ ಟವೆಲ್

ಹಿಂದೆ ಟೋಪಿ ಹೊಂದಿಕೊಂಡಿರುವ ಫ್ಲೀಸ್ (ಮೆತ್ತನೆ ರೋಮದ ಬೆಚ್ಚನೆ ಬಟ್ಟೆ) ಸೂಟು ಚಳಿಯೂರಿನವರ ಮನೆಯಲ್ಲಿ ಹೇಗೂ ಇರುತ್ತದೆ. ಅದರ ಟೋಪಿಗೆ ಎರಡು ಕಿವಿ, ಹೊಟ್ಟೆಗೆ ತಿಳಿಬಣ್ಣದ ಒಂದು ಗುಂಡು ತುಂಡು ಇಟ್ಟರೆ ಕರಡಿ, ಮೊಲ, ಬೆಕ್ಕು ಏನು ಬೇಕಾದರೂ ಆಗುತ್ತದೆ. ಕಿವಿ ನೆಟ್ಟಗೆ ನಿಲ್ಲಬೇಕಾದರೆ ಫೆಲ್ಟನ್ನು ಎರಡು ಪದರ ಅಂಟಿಸಿ, ಬುಡವನ್ನು ಒಂದಿಂಚು ಮಡಿಚಿ, ಆ ಮಡಿಕೆಯನ್ನು ಟೋಪಿಗೆ ಅಂಟಿಸಿ. ಒಳಗೆ ತಂತಿ ಇಡುವ ಯೋಚನೆ ಬೇಡ.

ಮೊದಲ ದಾರಿಗೂ ಇದಕ್ಕೂ ಇರುವ ವ್ಯತ್ಯಾಸ ಊರಿನ ಹವೆಯದ್ದು. ಮಿನಿಯಾಪೊಲಿಸ್ ಕಡೆಯವರು 1991ರ ಹ್ಯಾಲೋವೀನ್ ಹಿಮವನ್ನು ಇನ್ನೂ ನೆನೆಸಿಕೊಳ್ಳುತ್ತಾರೆ. ಅಕ್ಟೋಬರ್ 31ಕ್ಕೆ ಶುರುವಾಗಿ ನವೆಂಬರ್ 3ರ ತನಕ 28 ಇಂಚಿಗೂ ಮೇಲೆ ಬಿದ್ದಿತ್ತು. ಅಂಥ ಊರಲ್ಲಿ ಬರೀ ಬಾಡಿಸೂಟಿನ ಜೇನುನೊಣ ಕೋಟಿನೊಳಗೆ ಮುಚ್ಚಿಹೋಗುತ್ತದೆ, ಫ್ಲೀಸ್ ಸೂಟೇ ವೇಷವಾದರೆ ಕೋಟಿನ ಕೆಲಸವೂ ಅದರಲ್ಲೇ ಆಗುತ್ತದೆ. ಡಾಲಸ್, ಫೀನಿಕ್ಸ್ ಕಡೆ ಇದೇ ಸೂಟು ಹಾಕಿದರೆ ಮಗು ಬೆವತು ಚೀರಾಡುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದವರು ಎರಡರಲ್ಲಿ ಯಾವುದನ್ನಾದರೂ ಹಿಡಿಯಬಹುದು, ಸಂಜೆ ಗಾಳಿ ಎದ್ದರೆ ಒಳಗೊಂದು ತೆಳು ಬನಿಯನ್ನು ಸಾಕು.

ಸೋಮಾರಿಗಳಿಗೆ ಇದರಲ್ಲೇ ಇನ್ನೂ ಸುಲಭದ್ದೊಂದಿದೆ: ಸ್ನಾನದ ನಂತರ ಮಗುವಿಗೆ ಸುತ್ತುವ, ಮೂಲೆಯಲ್ಲಿ ಟೋಪಿ ಇರುವ ಟವೆಲ್. ಉತ್ತರ ಕರ್ನಾಟಕದ ಕುಂಚಿಗಿ ನೋಡಿದವರಿಗೆ ಇದರ ಮರ್ಮ ಬಿಡಿಸಿ ಹೇಳಬೇಕಿಲ್ಲ, ತಲೆಯಿಂದ ಬೆನ್ನಿನ ಮೇಲೆ ಇಳಿಬಿದ್ದ ಬಟ್ಟೆಯೇ ಅರ್ಧ ವೇಷ. ಕುಂಚಿಗಿಗೆ ಗದ್ದದಡಿ ದಾರ ಕಟ್ಟುತ್ತಿದ್ದರು. ಇಲ್ಲಿ ಆ ಕೆಲಸಕ್ಕೆ ಎದೆಯ ಮೇಲೆ ಒಂದು ಸಣ್ಣ ವೆಲ್ಕ್ರೋ ತುಂಡು ಹಾಕಿ. ಎಳೆದರೆ ತಾನೇ ಬಿಟ್ಟುಕೊಳ್ಳಬೇಕು, ಕತ್ತಿಗೆ ಬಿಗಿಯಬಾರದು. ಬಾತುಕೋಳಿ, ಕಪ್ಪೆಯ ಮುಖವಿರುವ ಟವೆಲ್ ಮನೆಯಲ್ಲಿದ್ದರೆ ನಿಮ್ಮ ಕೆಲಸ ಐದು ನಿಮಿಷದ್ದು. ಫೋಟೋಕ್ಕೂ ಮನೆಯೊಳಗಿನ ಪಾರ್ಟಿಗೂ ಚೆನ್ನ. ಬೀದಿ ಸುತ್ತಲು ಆಗದು, ಕೈಕಾಲು ಹೊರಗಿರುತ್ತವೆ.

ಮೂರು: ಮಗು ಮತ್ತು ಕ್ಯಾರಿಯರ್ ಸೇರಿ ಒಂದು ವೇಷ

ಆರು ತಿಂಗಳೊಳಗಿನ ಮಗುವಿಗೆ ನಾನು ಇದನ್ನೇ ಹೇಳುತ್ತೇನೆ. ಇಲ್ಲಿ ವೇಷದ ಭಾರ ಹೊರುವುದು ಅಪ್ಪನೋ ಅಮ್ಮನೋ. ಅಮೆರಿಕದಲ್ಲಿ ಬಹಳ ಓಡುವುದು ಪಾಪ್‌ಕಾರ್ನ್: ಕ್ಯಾರಿಯರ್ ಮುಂದೆ ಕೆಂಪು-ಬಿಳಿ ಪಟ್ಟಿಯ ಡಬ್ಬಿ, ಮೇಲೆ ಬೆಣ್ಣೆಬಣ್ಣದ ಟೋಪಿ ಹಾಕಿದ ತಲೆ. ಇನ್ನೊಂದು, ಅಡುಗೆಭಟ್ಟನ ಪಾತ್ರೆಯೊಳಗಿನ ಕಡಲಜೀವಿ ಲಾಬ್‌ಸ್ಟರ್. ನಮ್ಮವರ ಮನೆಗೆ ಲಾಬ್‌ಸ್ಟರ್ ಯಾಕೆ? ಬಿಳಿ ಬಾಡಿಸೂಟು, ಬಿಳಿ ಟೋಪಿ ಹಾಕಿದ ಕೂಸು ಇಡ್ಲಿಯಾಗಲಿ, ಕ್ಯಾರಿಯರ್ ಮುಂದೆ ಬೂದು ಫೆಲ್ಟಿನ ಇಡ್ಲಿಪಾತ್ರೆ ಬರಲಿ, ಅಪ್ಪ ಹೆಗಲಿಗೆ ಟವೆಲ್ ಹಾಕಿಕೊಂಡು ಭಟ್ಟರಾಗಲಿ. ಪಕ್ಕದ ಮನೆಯ ಅಮೆರಿಕನ್ನರಿಗೆ ಒಂದು ಸಾಲು ವಿವರಣೆ ಕೊಡಬೇಕಾಗುತ್ತದೆ ಅಷ್ಟೆ.

ಕ್ಯಾರಿಯರ್‌ಗೆ ನೇರ ಅಂಟು ಹಾಕಬೇಡಿ, ಅದರ ಪಟ್ಟಿಗಳಿಗೆ ಪಿನ್ನು ಚುಚ್ಚಲೂ ಬೇಡಿ. ಮಗುವಿನ ಭಾರ ಹಿಡಿದಿರುವುದೇ ಆ ಪಟ್ಟಿ. ಫೆಲ್ಟಿನ ಹಲಗೆಯನ್ನು ಬೇರೆಯಾಗಿ ಮಾಡಿ, ಮೇಲೊಂದು ಕೆಳಗೊಂದು ರಿಬ್ಬನ್ ಅಂಟಿಸಿ, ಹೊತ್ತವರ ಬೆನ್ನ ಹಿಂದೆ ಗಂಟು ಹಾಕಿ. ಹಲಗೆಯ ಮೇಲಂಚು ಮಗುವಿನ ಗದ್ದಕ್ಕಿಂತ ಕೆಳಗಿರಬೇಕು. ಮುಖ ಯಾವಾಗಲೂ ಕಾಣಬೇಕು, ಬಗ್ಗಿದರೆ ನೆತ್ತಿಗೆ ಮುತ್ತು ಕೊಡುವಷ್ಟು ಎತ್ತರದಲ್ಲಿರಬೇಕು, ಗದ್ದ ಎದೆಗೆ ತಾಗಬಾರದು ಅಂತ ಕ್ಯಾರಿಯರ್ ಬಳಸುವಾಗ ಹೇಳುತ್ತಾರಲ್ಲ, ವೇಷ ಬಂದಾಕ್ಷಣ ಅದು ಮರೆತುಹೋಗಬಾರದು. ಮಗು ಅಲ್ಲೇ ನಿದ್ದೆ ಹೋದರೂ ಪರವಾಗಿಲ್ಲ, ವೇಷ ಕೆಡುವುದಿಲ್ಲ. ಬೇರೆ ಯಾವ ದಾರಿಯಲ್ಲೂ ಈ ಸೌಲಭ್ಯ ಇಲ್ಲ.

ಸ್ಟ್ರಾಲರ್‌ಗೇ ರಟ್ಟಿನ ಬಸ್ಸು, ರಾಕೆಟ್ಟು ಕಟ್ಟುವವರಿದ್ದಾರೆ. ನೋಡಲು ಭರ್ಜರಿ. ಆದರೆ ಕಾರಿನೊಳಗೆ ಹಿಡಿಸುವುದಿಲ್ಲ, ಮನೆಗಳ ಮುಂದಿನ ಮೆಟ್ಟಿಲು ಹತ್ತಿಸಲಾಗುವುದಿಲ್ಲ. ಮನೆ ಮುಂದಿನ ಬೀದಿಯಲ್ಲೇ ಸುತ್ತುವವರು ಮಾತ್ರ ಕೈ ಹಾಕಿ.

ನಾಲ್ಕು: ಸುತ್ತಿ ಮಲಗಿಸುವುದು

ಎರಡು ತಿಂಗಳೊಳಗಿನ ಕೂಸನ್ನು ಹೇಗೂ ಬಟ್ಟೆಯಲ್ಲಿ ಸುತ್ತುತ್ತೀರಿ. ಕಂದುಬಣ್ಣದ ತೆಳು ಬಟ್ಟೆಯಲ್ಲಿ ಸುತ್ತಿದರೆ ಅಮೆರಿಕನ್ನರ ಲೆಕ್ಕದಲ್ಲಿ ಬುರಿಟೊ, ನಮ್ಮ ಲೆಕ್ಕದಲ್ಲಿ ಮಸಾಲೆ ದೋಸೆ, ಪಕ್ಕದಲ್ಲಿ ಹಸಿರು ಬಟ್ಟೆಯ ಬಾಳೆಲೆ ಹಾಸಿದರಾಯಿತು. ಖರ್ಚಿಲ್ಲ, ಅಂಟಿಲ್ಲ. ಮಗು ಮಗ್ಗುಲಾಗಲು ಹೆಣಗುವ ಲಕ್ಷಣ ಕಂಡ ದಿನದಿಂದ ಸುತ್ತುವುದನ್ನೇ ನಿಲ್ಲಿಸಬೇಕಾದ್ದರಿಂದ ಈ ದಾರಿ ಬಹಳ ಸಣ್ಣ ಕೂಸಿಗೆ ಮಾತ್ರ, ಅದೂ ಫೋಟೋಕ್ಕೆ.

ಅಂಟು ಯಾವುದು?

ವೇಷ ಉಳಿಯುವುದೂ ಉದುರುವುದೂ ಇದರ ಮೇಲೆ. ನಾನು ಮೊದಲ ಸ್ಥಾನ ಕೊಡುವುದು ಇಸ್ತ್ರಿಯಿಂದ ಅಂಟುವ ಹಾಳೆಗೆ. ಹೀಟ್-ಎನ್-ಬಾಂಡ್ ಹೆಸರಿನದ್ದು ಎಲ್ಲ ಕಡೆ ಸಿಗುತ್ತದೆ. ಕೊಳ್ಳುವಾಗ 'ಅಲ್ಟ್ರಾಹೋಲ್ಡ್' ಅಂತ ಇರುವುದನ್ನು ತೆಗೆದುಕೊಳ್ಳಿ. 'ಲೈಟ್' ಅಂತ ಇರುವುದು ಅಂಟಿಸಿದ ಮೇಲೆ ಅಂಚು ಹೊಲಿಯುವವರಿಗೆ. ಆ ಹಾಳೆಯ ಹಿಂಬದಿಯ ಕಾಗದದ ಮೇಲೆ ಆಕಾರ ಬರೆದು, ಫೆಲ್ಟಿನ ಹಿಂಬದಿಗೆ ಇಟ್ಟು ಒಣ ಇಸ್ತ್ರಿಯನ್ನು ಕೆಲವೇ ಸೆಕೆಂಡು ಒತ್ತಿ, ಗೆರೆಯ ಮೇಲೆ ಕತ್ತರಿಸಿ, ಕಾಗದ ಸುಲಿದು, ಬಾಡಿಸೂಟಿನ ಮೇಲಿಟ್ಟು ಮತ್ತೆ ಒತ್ತುವುದು. ಚಿತ್ರ ಬರೆಯುವಾಗ ಎಡ-ಬಲ ತಿರುಗಿಸಿ ಬರೆಯಬೇಕು, ಮಗುವಿನ ಹೆಸರಿನ ಅಕ್ಷರ ಇಡುವವರು ಇದನ್ನು ವಿಶೇಷವಾಗಿ ಗಮನಿಸಿ. ಕರಕುಶಲದ ಫೆಲ್ಟ್ ಬಹುಮಟ್ಟಿಗೆ ಪಾಲಿಯೆಸ್ಟರ್ ಅಥವಾ ಅಕ್ರಿಲಿಕ್ ಆದ್ದರಿಂದ ಬಿಸಿ ನೇರವಾಗಿ ತಾಗಿದರೆ ಕರಗಿ ಹೊಳಪು ಬರುತ್ತದೆ. ಮೇಲೊಂದು ತೆಳು ಹತ್ತಿ ಬಟ್ಟೆ ಹಾಸಿಕೊಳ್ಳಿ. ಬಾಡಿಸೂಟನ್ನು ಮೊದಲೇ ಒಗೆದಿರಿ, ಆದರೆ ಬಟ್ಟೆ ಮೆದುಗೊಳಿಸುವ ದ್ರಾವಣ ಹಾಕಬೇಡಿ, ಅದರ ಪದರದ ಮೇಲೆ ಅಂಟು ಹಿಡಿಯುವುದಿಲ್ಲ. ಹೀಗೆ ಅಂಟಿಸಿದ್ದು ಚಪ್ಪಟೆಯಾಗಿರುತ್ತದೆ, ಒಳಗಡೆ ಮಗುವಿನ ಮೈಗೆ ಏನೂ ಒತ್ತುವುದಿಲ್ಲ.

ಫ್ಲೀಸಿಗೆ ಇಸ್ತ್ರಿ ಆಗದು, ಅದರ ರೋಮ ಬೆಂದುಹೋಗುತ್ತದೆ. ಅಲ್ಲಿ ಟ್ಯೂಬಿನಲ್ಲಿ ಬರುವ ಬಟ್ಟೆಯ ಅಂಟು ಬಳಸಿ. ಬಟ್ಟೆಯೊಳಗೆ ರಟ್ಟು ಇಟ್ಟುಕೊಳ್ಳದಿದ್ದರೆ ಎದೆಯ ಭಾಗ ಬೆನ್ನಿಗೆ ಅಂಟಿಕೊಳ್ಳುತ್ತದೆ. ಇದಕ್ಕೆ ಬೇಕಾದ್ದು ತಾಳ್ಮೆ: ಹಿಂದಿನ ರಾತ್ರಿ ಅಂಟಿಸಿ ಬೆಳಿಗ್ಗೆ ಹಾಕುವ ಹಾಗಿಲ್ಲ, ಪೂರ್ತಿ ಒಣಗಲು ಒಂದು ಇಡೀ ದಿನವಾದರೂ ಕೊಡಿ, ವಾಸನೆಯೂ ಹೋಗಬೇಕು.

ಅಂಟುಕಡ್ಡಿ ಕರಗಿಸಿ ಹಚ್ಚುವ ಗ್ಲೂ ಗನ್ ಎಲ್ಲರ ಕೈಯಲ್ಲೂ ಇದೆ, ಕ್ಷಣದಲ್ಲಿ ಅಂಟುತ್ತದೆ, ಆದರೂ ಮಗುವಿನ ಮೈಗೆ ತಾಗುವ ಬಟ್ಟೆಗೆ ನನಗದು ಹಿಡಿಸುವುದಿಲ್ಲ. ಆರಿದ ಮೇಲೆ ಗಟ್ಟಿ ಗೆರೆಯಾಗಿ ಉಳಿಯುತ್ತದೆ, ಬಟ್ಟೆ ಬಗ್ಗಿದಾಗ ಸಿಡಿದು ಬರುತ್ತದೆ. ಕ್ಯಾರಿಯರ್‌ನ ಹಲಗೆಗೆ, ಟೋಪಿಯ ಕಿವಿಯ ಎರಡು ಪದರ ಸೇರಿಸುವುದಕ್ಕೆ ಧಾರಾಳವಾಗಿ ಬಳಸಿ. ಮಗುವಿಗೆ ಬಟ್ಟೆ ಹಾಕಿಟ್ಟುಕೊಂಡೇ "ಇಲ್ಲೊಂದು ಚೂರು" ಅಂತ ಗನ್ ಹಿಡಿಯುವುದು ಮಾತ್ರ ಖಂಡಿತ ಬೇಡ. ಕಡಿಮೆ ಬಿಸಿಯ ಬಗೆಯ ಗನ್ನಿನ ಅಂಟು ಕೂಡ ಕುದಿನೀರಿಗಿಂತ ಬಿಸಿ. ಸೇಫ್ಟಿ ಪಿನ್ನು ನಮ್ಮಲ್ಲಿ ಅಮ್ಮಂದಿರ ಬಳೆಯಲ್ಲೇ ತೂಗುತ್ತಿರುತ್ತದೆ, ಆದರೆ ಕೂಸಿನ ಬಟ್ಟೆಗೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ.

ಬೇಡವಾದ ಅಲಂಕಾರ

ಕುರಿ ವೇಷಕ್ಕೆ ಹತ್ತಿಯುಂಡೆ ಅಂಟಿಸುವುದು ಬಹಳ ಜನಪ್ರಿಯ, ನೋಡಲೂ ಮುದ್ದು. ಆದರೆ ಹಲ್ಲು ಬರುತ್ತಿರುವ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ, ಹತ್ತಿಯುಂಡೆ ಎಳೆದರೆ ಕೈಗೆ ಬರುತ್ತದೆ. ಗೊಂಡೆ, ಅಲ್ಲಾಡುವ ಪ್ಲಾಸ್ಟಿಕ್ ಕಣ್ಣು, ಗುಂಡಿ, ಮಣಿ, ಚಮಕಿ ಎಲ್ಲಕ್ಕೂ ಇದೇ ತಕರಾರು. ಮೂರು ವರ್ಷದೊಳಗಿನವರ ಆಟಿಕೆ ಪರೀಕ್ಷಿಸಲು ಅಮೆರಿಕದಲ್ಲಿ ಒಂದೂಕಾಲು ಇಂಚು ವ್ಯಾಸದ ಕೊಳವೆ ಬಳಸುತ್ತಾರೆ, ಅದರೊಳಗೆ ಪೂರ್ತಿ ಕೂರುವ ಯಾವ ತುಂಡೂ ಇರಬಾರದು. ಮನೆಯಲ್ಲಿ ಟಾಯ್ಲೆಟ್ ಪೇಪರ್ ಸುರುಳಿಯ ರಟ್ಟಿನ ಕೊಳವೆ ತೆಗೆದುಕೊಳ್ಳಿ. ಅದು ಇನ್ನೂ ಸ್ವಲ್ಪ ಅಗಲವಾಗಿರುವುದರಿಂದ ಪರೀಕ್ಷೆ ಇನ್ನಷ್ಟು ಬಿಗಿಯಾಗುತ್ತದೆ. ಕಲ್ಲಂಗಡಿಯ ಬೀಜಕ್ಕೂ ಈ ಲೆಕ್ಕ ಹಿಡಿದರೆ ಬೀಜಗಳನ್ನು ಅಂಟಿಸುವ ಬದಲು ಬಟ್ಟೆಯ ಮಾರ್ಕರ್‌ನಲ್ಲಿ ಬರೆಯುವುದೇ ವಾಸಿ. ಕುರಿಗೆ ಬೇಕಾದರೆ ಗುಂಗುರು ರೋಮದ ಬಿಳಿ ಫ್ಲೀಸ್ ಸಿಗುತ್ತದೆ, ಒಂದೇ ತುಂಡಾಗಿ ಎದೆಗೆ ಅಂಟಿಸಿ.

ಮಿನುಗುವ ದೀಪ ಅಂಟಿಸುವ ಆಸೆ ಇದ್ದರೆ ಅದರ ಬ್ಯಾಟರಿ ನೋಡಿ. ಗುಂಡಿಯಂಥ ಬ್ಯಾಟರಿ ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಇದಕ್ಕಾಗಿಯೇ 2022ರಲ್ಲಿ ಅಮೆರಿಕದಲ್ಲಿ ಕಾನೂನು ಬಂತು, ಬ್ಯಾಟರಿಯ ಮುಚ್ಚಳ ಮಕ್ಕಳಿಗೆ ತೆಗೆಯಲಾಗದಂತೆ ಇರಬೇಕು ಅಂತ. ಹಳೆಯ ಸಾಮಾನು, ಬಹಳ ಅಗ್ಗದ ಸಾಮಾನುಗಳಲ್ಲಿ ಆ ಭದ್ರತೆ ಇಲ್ಲದಿರಬಹುದು. ಕೂಸಿಗೆ ದೀಪ ಬೇಡ, ಸ್ಟ್ರಾಲರ್‌ಗೆ ಕಟ್ಟಿ.

ಮುಖಕ್ಕೆ ಬಣ್ಣವೂ ಬೇಡ. ಬೆಕ್ಕಿನ ಮೀಸೆಗೆ ಮನೆಯ ಕಾಡಿಗೆ ಇದೆಯಲ್ಲ ಅನ್ನುವವರಿಗೆ: ಅಂಗಡಿಯ ಕಾಡಿಗೆ, ಸುರ್ಮಾಗಳಲ್ಲಿ ಸೀಸ ಇರಬಹುದು ಅಂತ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸುತ್ತಲೇ ಬಂದಿದೆ, ಅಲ್ಲಿ ಅದನ್ನು ಮಾರುವುದಕ್ಕೇ ಅನುಮತಿಯಿಲ್ಲ. ಮೀಸೆಯನ್ನು ಟೋಪಿಯ ಅಂಚಿಗೆ ಬರೆದರೂ ಬೆಕ್ಕು ಬೆಕ್ಕೇ. ಅಜ್ಜಿಗೆ ದೃಷ್ಟಿಬೊಟ್ಟು ಇಡಲೇಬೇಕೆಂದಿದ್ದರೆ ಬಟ್ಟೆಯ ಮೇಲೆ ಮಾರ್ಕರ್‌ನಲ್ಲಿ ಕಪ್ಪು ಚುಕ್ಕೆ ಇಟ್ಟು ರಾಜಿ ಮಾಡಿಕೊಳ್ಳಿ.

ಬೆಂಕಿಯ ವಿಷಯ ಒಂದು ಮಾತು. ಮೆಟ್ಟಿಲ ಮೇಲಿನ ಕುಂಬಳಕಾಯಿಗಳೊಳಗೆ ಕೆಲವರು ಈಗಲೂ ಮೇಣದಬತ್ತಿ ಹಚ್ಚುತ್ತಾರೆ. 1940ರ ದಶಕದಲ್ಲಿ ರೋಮದಂತಿದ್ದ ರೇಯಾನ್ ಬಟ್ಟೆಯ ಕೌಬಾಯ್ ವೇಷ ಹಾಕಿದ್ದ ಮಕ್ಕಳು ಬೆಂಕಿ ತಗುಲಿ ಸತ್ತದ್ದು, ಅಮೆರಿಕ 1953ರಲ್ಲಿ ಸುಡುವ ಬಟ್ಟೆಗಳ ಕಾನೂನು ತರಲು ಒಂದು ಕಾರಣ. ಇಳಿಬಿದ್ದ ತೆಳು ಜಾಲರಿ ಬಟ್ಟೆಯ ಟುಟು ಲಂಗಕ್ಕೆ ಸೂಜಿ ಬೇಕಿಲ್ಲ, ಎಲಾಸ್ಟಿಕ್‌ಗೆ ಗಂಟು ಹಾಕುತ್ತ ಹೋದರಾಯಿತು, ಅದಕ್ಕೇ ಹೊಲಿಗೆ ಬೇಡದ ವೇಷಗಳ ಪಟ್ಟಿಯಲ್ಲಿ ಅದು ಯಾವಾಗಲೂ ಮೊದಲಿರುತ್ತದೆ. ನಾನು ಅದನ್ನು ಕೊನೆಗಿಡುತ್ತೇನೆ. ಹರಡಿಕೊಂಡು ಏನಕ್ಕಾದರೂ ತಾಗುತ್ತದೆ, ಮಗು ಅದನ್ನು ಅಗಿಯುತ್ತದೆ, ಅಂಬೆಗಾಲಿಕ್ಕುವಾಗ ಮಂಡಿಯಡಿ ಸಿಕ್ಕಿ ಮುಗ್ಗರಿಸುತ್ತದೆ.

ಅಂಬೆಗಾಲಿನ ಮಕ್ಕಳು

ಎಂಟು-ಒಂಬತ್ತು ತಿಂಗಳಿನವರ ಲೆಕ್ಕ ಸ್ವಲ್ಪ ಬೇರೆ. ಹೊಟ್ಟೆಯ ಮೇಲಿನ ಫೆಲ್ಟ್ ನೆಲಕ್ಕೆ ಉಜ್ಜಿ ಸವೆಯುತ್ತದೆ, ಆದ್ದರಿಂದ ಆಕಾರಗಳನ್ನು ಎದೆಯ ಮೇಲ್ಭಾಗಕ್ಕೆ ಏರಿಸಿ. ಬೆನ್ನಿನ ಅಲಂಕಾರಕ್ಕೆ ಅರ್ಥ ಬರುವುದು ಈ ವಯಸ್ಸಿನಲ್ಲಿ ಮಾತ್ರ. ಆಮೆಯ ಚಿಪ್ಪು ಹೊತ್ತು ಹಜಾರದ ತುಂಬ ಹರಿದಾಡುವ ಮಗುವನ್ನು ನೋಡಿದವರು ನಗದೇ ಇರಲಾರರು. ಚಿಪ್ಪನ್ನು ವೆಲ್ಕ್ರೋದಲ್ಲಿ ಕೂರಿಸಿ, ಕಾರಿಗೆ ಹತ್ತಿಸುವ ಮುಂಚೆ ಕಿತ್ತಿಡಿ. ವೆಲ್ಕ್ರೋದ ಮೃದು ಬದಿ ಬಾಡಿಸೂಟಿಗೆ, ಚುಚ್ಚುವ ಬದಿ ಚಿಪ್ಪಿಗೆ ಬರಲಿ. ಇಲ್ಲದಿದ್ದರೆ ಚಿಪ್ಪು ತೆಗೆದ ಮೇಲೆ ಮಗುವಿನ ಬೆನ್ನಲ್ಲಿ ಉಳಿಯುವ ಒರಟು ತುಂಡು ಸೋಫಾದಿಂದ ಹಿಡಿದು ಅಜ್ಜಿಯ ಸೀರೆಯವರೆಗೆ ಎಲ್ಲಕ್ಕೂ ಸಿಕ್ಕಿಕೊಳ್ಳುತ್ತದೆ. ಈ ವಯಸ್ಸಿನಲ್ಲಿ ಟೋಪಿ ಕಿತ್ತೆಸೆಯುವುದೂ ಒಂದು ಆಟ. ಅಕ್ಟೋಬರ್ ಮಧ್ಯದಿಂದಲೇ ಆ ಟೋಪಿಯನ್ನು ಆಗಾಗ ಹಾಕಿ ರೂಢಿ ಮಾಡಿಸಿ, ಒಪ್ಪದಿದ್ದರೆ ಟೋಪಿಯಿಲ್ಲದೆಯೂ ಅರ್ಥವಾಗುವ ವೇಷವನ್ನೇ ಆರಿಸಿ. ಜೇನುನೊಣ, ಕಲ್ಲಂಗಡಿ, ಕುಂಬಳಕಾಯಿ ಪಾಸಾಗುತ್ತವೆ. ಕಿವಿ ಇಲ್ಲದ ಮೊಲ ಬರೀ ಬಿಳಿ ಬಟ್ಟೆ.

ಎಷ್ಟು ಹೊತ್ತಿನ ಮಾತು

ಅಮೆರಿಕದಲ್ಲಿ 2007ರಿಂದ ಗಡಿಯಾರ ಹಿಂದಕ್ಕೆ ಸರಿಸುವುದು ನವೆಂಬರಿನ ಮೊದಲ ಭಾನುವಾರ. ಹಾಗಾಗಿ ಹ್ಯಾಲೋವೀನ್ ದಿನ ಚಿಕಾಗೋದಲ್ಲಿ ಸುಮಾರು 5:45ಕ್ಕೆ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 6:10ರ ಹೊತ್ತಿಗೆ ಸೂರ್ಯ ಮುಳುಗುತ್ತದೆ. ಏಳಕ್ಕೆಲ್ಲ ಮಲಗುವ ಕೂಸಿಗೆ ಸಿಗುವುದು ಸುಮಾರು ಒಂದು ಗಂಟೆ. ಬೆಳಕಿರುವಾಗಲೇ ಫೋಟೋ ಮುಗಿಸಿ. ಡೇಕೇರ್‌ನಲ್ಲಿ ಹಗಲು ಪಾರ್ಟಿ ಇದ್ದರೆ ಮೊದಲನೇ ದಾರಿ ಬಿಟ್ಟು ಬೇರೇನೂ ಬೇಡ, ಅಲ್ಲಿ ಒಬ್ಬರು ನಾಲ್ಕು ಮಕ್ಕಳ ಡೈಪರ್ ನೋಡಬೇಕು. ಮಲಗಿಸುವಾಗ ಟೋಪಿ ಇರುವ ಯಾವ ಬಟ್ಟೆಯೂ ಬೇಡ ಅಂತ ಹೇಳಿಟ್ಟು, ಬದಲಿಸಲು ಇನ್ನೊಂದು ಜೊತೆ ಬಟ್ಟೆ ಕಳಿಸಿ.

ಕನ್ನಡ ಕೂಟಕ್ಕೆ ಹೋಗುವ ಮನೆಗಳಿಗೆ ಜೇನುನೊಣವನ್ನು ನಾನು ಇನ್ನೊಂದು ಕಾರಣಕ್ಕೆ ಹೇಳುತ್ತೇನೆ. ಹ್ಯಾಲೋವೀನ್ ಮರುದಿನವೇ ರಾಜ್ಯೋತ್ಸವ, ಅದರ ಕಾರ್ಯಕ್ರಮ ನವೆಂಬರಿನ ಯಾವುದೋ ಒಂದು ವಾರಾಂತ್ಯಕ್ಕೆ ಬರುತ್ತದೆ. ಹಳದಿ ಬಾಡಿಸೂಟಿಗೆ ಕಪ್ಪು ಪಟ್ಟಿಗಳನ್ನು ಇಸ್ತ್ರಿ ಮಾಡದೆ ವೆಲ್ಕ್ರೋದಲ್ಲೇ ಹಚ್ಚಿ. ಪಟ್ಟಿ ಕಿತ್ತು, ಕೆಳಗೆ ಕೆಂಪು ಪ್ಯಾಂಟ್ ಹಾಕಿದರೆ ಮೇಲೆ ಹಳದಿ, ಕೆಳಗೆ ಕೆಂಪು. ಮುಂದಿನ ವಾರಕ್ಕೆ ಇನ್ನೊಂದು ಬಟ್ಟೆ ಕೊಳ್ಳುವ ಖರ್ಚು ಉಳಿಯಿತು. ಬಾಡಿಸೂಟನ್ನು ಮಾತ್ರ ಈಗಿನದಕ್ಕಿಂತ ಒಂದು ಅಳತೆ ದೊಡ್ಡದು ತೆಗೆದುಕೊಳ್ಳಿ, ಅಕ್ಟೋಬರ್ ಮೊದಲ ವಾರ ಸರಿಹೋದದ್ದು ತಿಂಗಳ ಕೊನೆಗೆ ಟಿಚ್ ಬಟನ್ ಹಾಕಲು ಬಿಗಿಯಾಗಿರುತ್ತದೆ.